ಬಿಸಿಲೂ ಮಣ್ಣೂ: ಸುಸ್ಥಿರ ವಾಸ್ತುಸಿದ್ಧಾಂತದ ಪೂರ್ವಚರಿತ್ರೆಯ ಒಂದು ಅಧ್ಯಾಯ

ಸುಸ್ಥಿರತೆ ಎಂಬ ಮಾತು ಇಂದು ಕಟ್ಟಡ ಕಟ್ಟಿಸುವವರೆಲ್ಲರ ನಾಲಗೆಯ ಮೇಲೆ ಸುಳಿದಾಡುತ್ತಿದೆಯಾದರೂ, ಅದರ ಚರಿತ್ರೆಯನ್ನು ಬರೆಯುವವರು 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದಲೋ 1987ರ ಬ್ರಂಟ್‌ಲ್ಯಾಂಡ್ ವರದಿಯಿಂದಲೋ ತೊಡಗಿ, 1990ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬ್ರೀಯಮ್ ಎಂಬ ಅಂಕಪದ್ಧತಿಗೂ, ತರುವಾಯ ಅಮೆರಿಕದಲ್ಲಿ ತಲೆಯೆತ್ತಿದ ಲೀಡ್ ಪದ್ಧತಿಗೂ ತಂದು ನಿಲ್ಲಿಸುವುದು ವಾಡಿಕೆಯಾಗಿದೆ. ಹೆಸರಿನ ಚರಿತ್ರೆಯಾಗಿ ಇದು ಸರಿಯೇ. ವಿಚಾರದ ಚರಿತ್ರೆಯಾಗಿ ಸಾಲದು. ಕಟ್ಟಡವೊಂದು ಶಕ್ತಿಯನ್ನು ವ್ಯಯಿಸುವ ಬಗೆ ಮುಖ್ಯವಾಗಿ ಎರಡು: ಕಟ್ಟಿದ ಮೇಲೆ ಒಳಗಿರುವವರನ್ನು ಹಿತವಾಗಿಡುವುದಕ್ಕೆ ತಗಲುವುದೊಂದು, ಕಟ್ಟುವುದಕ್ಕೆ ಮೊದಲೇ ಇಟ್ಟಿಗೆ ಸುಡುವುದಕ್ಕೂ ಸಿಮೆಂಟು ಉಕ್ಕುಗಳ ಕುಲುಮೆಗೂ ತಗಲುವುದು ಮತ್ತೊಂದು. ಈ ಎರಡು ಪ್ರಶ್ನೆಗಳೂ ಶಾಸ್ತ್ರದ ಶಿಸ್ತಿಗೆ ಒಳಪಟ್ಟ ಹಾದಿಯನ್ನು ಅರಸುತ್ತ ಹೊರಟರೆ, ಎರಡು ಹಾದಿಗಳೂ ಬೆಂಗಳೂರಿನ ಒಂದೇ ಆವರಣದ ಮೂಲಕ, ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ನೆರಳಿನಲ್ಲಿ, ಹಾದುಹೋಗಿರುವುದು ಕಾಣಬರುತ್ತದೆ.

1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿ, ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗರ ಶಿಷ್ಯರಾಗಿ ಅಭ್ಯಾಸಮಾಡಿ, ಯಹೂದ್ಯ ಮೂಲದವರೆಂಬ ಕಾರಣದಿಂದ ನಾಜಿಗಳ ಆಳ್ವಿಕೆಯಲ್ಲಿ ಸ್ವದೇಶವನ್ನು ತೊರೆದು, ಈಜಿಪ್ಟಿನ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ಕೆಲವು ವರ್ಷಗಳನ್ನು ಕಳೆದ ಆಟೊ ಕೋನಿಗ್ಸ್‌ಬರ್ಗರ್ ಅವರು, 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಬರ್ಲಿನ್ನಿನ ಪಾಠ ಇಲ್ಲಿ ತಲೆಕೆಳಗಾಗಬೇಕಾಗಿತ್ತು. ಅಲ್ಲಿ ನಡುಹಗಲಿನ ಸೂರ್ಯನು ಸದಾ ದಕ್ಷಿಣದವನು, ಮನೆಯೊಳಕ್ಕೆ ಕರೆಸಿಕೊಳ್ಳಬೇಕಾದ ಅತಿಥಿ. ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಾದರೋ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅವನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಎತ್ತರದ ಈ ಬಿಸಿಲನ್ನು ಉತ್ತರ ದಕ್ಷಿಣದ ಗೋಡೆಗಳ ಮೇಲೆ ಸಣ್ಣದೊಂದು ಚಾಚಿನಿಂದಲೇ ತಡೆಯಬಹುದು; ಬೆಳಿಗ್ಗೆ ಸಂಜೆಗಳ ಓರೆಬಿಸಿಲಾದರೋ ಪೂರ್ವ ಪಶ್ಚಿಮದ ಗೋಡೆಗಳಿಗೆ ಎದುರಾಗಿಯೇ ಬಡಿಯುವುದರಿಂದ ಯಾವ ಸೂರಿಗೂ ಜಗ್ಗದು. ಆದುದರಿಂದಲೇ ಕಟ್ಟಡವು ಪೂರ್ವ ಪಶ್ಚಿಮವಾಗಿ ನೀಳವಾಗಿರಬೇಕು, ಕಿಟಕಿಗಳು ಉತ್ತರ ದಕ್ಷಿಣಕ್ಕೆ ತೆರೆಯಬೇಕು ಎಂಬ ಸೂತ್ರ.

ಇದರಲ್ಲಿ ಹೊಸದೇನು ಎಂದು ಕೇಳುವವರುಂಟು. ನಮ್ಮ ತೊಟ್ಟಿಮನೆಯ ಜಗಲಿ, ಮಲೆನಾಡಿನ ಇಳಿಜಾರಾದ ಸೂರು, ಬಯಲುಸೀಮೆಯ ಮಾಳಿಗೆಮನೆಯ ದಪ್ಪ ಮಣ್ಣುಗೋಡೆ, ಇವೆಲ್ಲ ಬಿಸಿಲು ಮಳೆಗಳ ಮರ್ಮವನ್ನು ಬಲ್ಲವೇ ಆಗಿದ್ದವು. ಆದರೆ ಮೇಸ್ತ್ರಿಯ ಕೈಯಲ್ಲಿದ್ದ ಅರಿವು ಅವನ ಊರನ್ನು ಬಿಟ್ಟು ಕದಲಲಾರದು. ಒಂದು ಸೀಮೆಯಲ್ಲಿ ಕಂಡುದನ್ನು ಮತ್ತೊಂದು ಸೀಮೆಗೆ ಲೆಕ್ಕಹಾಕಿ ಅನ್ವಯಿಸಬಲ್ಲಾಗ ಮಾತ್ರ ಅದು ಸಿದ್ಧಾಂತವೆನಿಸುತ್ತದೆ.

ಆ ಲೆಕ್ಕ ಕೈಗೂಡುವುದಕ್ಕೆ ಮೂರು ದಶಕಗಳು ಹಿಡಿದುವು. ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗದ ಕಟ್ಟಡವನ್ನೂ ಭೋಜನಭವನವನ್ನೂ ರೂಪಿಸಿ, ಜಮ್‌ಶೆಡ್‌ಪುರ ಭುವನೇಶ್ವರಗಳಿಗೆ ನಗರಯೋಜನೆಗಳನ್ನು ಸಿದ್ಧಪಡಿಸಿ, 1948ರಲ್ಲಿ ಭಾರತ ಸರ್ಕಾರದ ವಸತಿ ನಿರ್ದೇಶಕರಾದ ಕೋನಿಗ್ಸ್‌ಬರ್ಗರರು, ದೇಶವಿಭಜನೆಯಿಂದ ನಿರಾಶ್ರಿತರಾದವರಿಗೆ ಬೇಗಬೇಗನೆ ಮನೆ ಒದಗಿಸುವ ಉದ್ದೇಶದಿಂದ ದೆಹಲಿಯಲ್ಲಿ ಕಾಂಕ್ರೀಟು ಫಲಕಗಳ ಪೂರ್ವನಿರ್ಮಿತ ಮನೆಗಳ ಕಾರ್ಖಾನೆಯೊಂದನ್ನು ಬೆಂಬಲಿಸಿದರು, ಅದು ವಿಫಲವಾಯಿತು. ಬಿಸಿಲಿನ ಪ್ರಶ್ನೆಯನ್ನು ಅಷ್ಟು ಸೂಕ್ಷ್ಮವಾಗಿ ಗ್ರಹಿಸಿದವರು ದ್ರವ್ಯದ ಪ್ರಶ್ನೆಗೆ ಪರದೇಶದ ಉತ್ತರವನ್ನು ನೆಚ್ಚಿದರೆಂಬುದು ಈ ಚರಿತ್ರೆಯ ವಿಪರ್ಯಾಸ. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು. ಅಲ್ಲಿ 1954ರಲ್ಲಿ ಮ್ಯಾಕ್ಸ್‌ವೆಲ್ ಫ್ರೈ ಅವರ ನೇತೃತ್ವದಲ್ಲಿ ಆರಂಭವಾಗಿದ್ದ ಉಷ್ಣವಲಯ ವಾಸ್ತುವಿಭಾಗವನ್ನು ಮುಂದೆ ಇವರೇ ವಹಿಸಿಕೊಂಡರು. ಅಮೆರಿಕದಲ್ಲಿ 1963ರಲ್ಲಿ ವಿಕ್ಟರ್ ಒಲ್ಗ್ಯಾಯ್ ಅವರು ಹವಾಗುಣಕ್ಕೊಪ್ಪುವ ವಿನ್ಯಾಸವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ್ದರು. ಲಂಡನ್ನಿನ ಬಳಗ ಇನ್ನೂ ಸರಳವಾದೊಂದು ಉಪಾಯವನ್ನು ಕಂಡುಕೊಂಡಿತು. 1971ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ, ಮಹೋನಿ ಕೋಷ್ಟಕಗಳೆಂದು ಹೆಸರಾದ ಆ ಪದ್ಧತಿಯಲ್ಲಿ, ಊರಿನ ತಿಂಗಳುವಾರು ಉಷ್ಣತೆ, ತೇವ, ಮಳೆ, ಗಾಳಿಗಳನ್ನು ಬರೆದು, ಯಾವ ತಿಂಗಳು ಸೆಕೆಯದು, ಯಾವುದು ಹಿತದ್ದು ಎಂದು ಎಣಿಸಿದರೆ, ಮನೆಗಳ ನಡುವಣ ಅಂತರ, ಕಿಟಕಿಯ ಗಾತ್ರ, ಗೋಡೆ ಛಾವಣಿಗಳ ಭಾರ ಇಂಥವೆಂದು ತಿಳಿದುಬರುತ್ತದೆ. ಪೆನ್ಸಿಲು ಹಿಡಿಯಬಲ್ಲ ಯಾವ ಓವರ್‌ಸಿಯರನೂ ಇದನ್ನು ಮಾಡಬಲ್ಲನು. ಇಂದಿನ ದುಬಾರಿ ಗಣಕತಂತ್ರಗಳಿಗಿಂತ ಇದರಲ್ಲಿ ಪ್ರಜಾಸತ್ತೆಯ ಗುಣ ಹೆಚ್ಚೆಂದು ನನಗೆ ತೋರುತ್ತದೆ.

ದ್ರವ್ಯದ ಪ್ರಶ್ನೆಗೆ ಉತ್ತರ ಬಂದುದು ಕೋನಿಗ್ಸ್‌ಬರ್ಗರರು ಬಿಟ್ಟುಹೋದ ಆ ಆವರಣದಿಂದಲೇ. 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿಸಿದ ‘ಅಸ್ತ್ರ’ ಎಂಬ ಗ್ರಾಮತಂತ್ರಜ್ಞಾನ ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ನೆಲೆಮಾಡಿ, ಒಲೆ ಉರುವಲುಗಳೊಡನೆ ಗೋಡೆಯನ್ನೂ ವಿಚಾರಣೆಗೆ ಎತ್ತಿಕೊಂಡಿತು. ಕೆ. ಎಸ್. ಜಗದೀಶರೂ ಅವರ ಸಹೋದ್ಯೋಗಿಗಳೂ ರೂಢಿಗೆ ತಂದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಗೆ ಭಟ್ಟಿಯ ಅಗತ್ಯವೇ ಇಲ್ಲ: ಮರಳು ಬೆರೆತ ಕೆಮ್ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು ಕೂಡಿಸಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಸಾಕು. ಎಲ್ಲ ಮಣ್ಣೂ ಇದಕ್ಕೆ ಒಗ್ಗದು; ನೀರು ಕುಡಿದು ಉಬ್ಬುವ ಎರೆಮಣ್ಣು ಸಿಮೆಂಟಿಗಿಂತ ಸುಣ್ಣವನ್ನು ಬೇಡುತ್ತದೆ. ಈ ಪರಂಪರೆಯ ಬಿ. ವಿ. ವೆಂಕಟರಾಮರೆಡ್ಡಿ ಮತ್ತು ಜಗದೀಶರು 2003ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ಇಂಥ ದ್ರವ್ಯಗಳನ್ನು ಬಳಸಿದರೆ ಭಾರಹೊರುವ ಗೋಡೆಗಳ ಕಟ್ಟಡದಲ್ಲಿ ಅಂತರ್ಗತವಾದ ಶಕ್ತಿ ಸುಮಾರು ಅರ್ಧದಷ್ಟು ಇಳಿಯುತ್ತದೆ.

ವಾಸ್ತುವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ: ಪರರಾಜ್ಯಗಳ ಅಂಕಪಟ್ಟಿಗಳನ್ನು ಕಂಠಪಾಠ ಮಾಡುವುದಕ್ಕೆ ಮೊದಲು, ಕೋನಿಗ್ಸ್‌ಬರ್ಗರರ ಕಟ್ಟಡಗಳಲ್ಲಿ ಇಂದಿಗೂ ಉಳಿದಿರುವವುಗಳ ಒಳಗೆ ಉಷ್ಣಮಾಪಕವನ್ನಿಟ್ಟು, ಯುಗಾದಿಯಿಂದ ಯುಗಾದಿಯವರೆಗೆ, ದಿನ ತಪ್ಪದೆ ಅಳೆದು ಬರೆದಿಡಿರಿ.