ಕೆನ್ಯಾ: 2017ರ ಅಧ್ಯಕ್ಷೀಯ ಚುನಾವಣೆ ಅಸಿಂಧುವಾದ ಬಗೆ

2017ರ ಆಗಸ್ಟ್ 8ರಂದು ಕೆನ್ಯಾದಲ್ಲಿ ನಡೆದ ಚುನಾವಣೆಯಲ್ಲಿ ಅಧ್ಯಕ್ಷ ಉಹುರು ಕೆನ್ಯಾಟಾ ಸುಮಾರು 14 ಲಕ್ಷ ಮತಗಳ ಅಂತರದಿಂದ ಗೆದ್ದರೆಂದು ಚುನಾವಣಾ ಆಯೋಗ ಘೋಷಿಸಿತು. ಪ್ರತಿಸ್ಪರ್ಧಿ ರೈಲಾ ಒಡಿಂಗಾ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅಲ್ಲಿನ ಸಂವಿಧಾನದ ಪ್ರಕಾರ ಇಂಥ ಅರ್ಜಿಯನ್ನು 14 ದಿನಗಳಲ್ಲಿ ಇತ್ಯರ್ಥಪಡಿಸಲೇಬೇಕು. ಚುನಾವಣಾ ತಕರಾರುಗಳು ವರ್ಷಗಟ್ಟಲೆ ಎಳೆಯುವ ನಾಡಿನವರಿಗೆ ಇದು ಅಚ್ಚರಿಯೇ ಸರಿ.

ವಿವಾದ ನಿಂತದ್ದು ಚುನಾವಣಾ ಕಾಯಿದೆಯ 83ನೇ ಕಲಮಿನ 'ಅಥವಾ' ಎಂಬ ಒಂದು ಪದದ ಮೇಲೆ. ಫಲಿತಾಂಶವೇ ಬದಲಾಗುವಷ್ಟು ಲೋಪವಾಗಿದ್ದರೆ ಮಾತ್ರ ಚುನಾವಣೆ ಅಸಿಂಧುವೇ, ಇಲ್ಲವೇ ಸಂವಿಧಾನದ ತತ್ವಗಳ ಉಲ್ಲಂಘನೆಯೊಂದೇ ಸಾಕೇ? ಸಾಕು ಎಂದಿತು ಪೀಠದ ಬಹುಮತ. ಮತಗಟ್ಟೆಗಳ 34ಎ ನಮೂನೆಗಳೆಲ್ಲ ಕೈಸೇರುವ ಮುನ್ನವೇ ವಿಜೇತರ ಹೆಸರು ಹೊರಬಿದ್ದಿತ್ತು. ಕೋರ್ಟ್ ಆದೇಶವಿದ್ದರೂ ಆಯೋಗ ತನ್ನ ಸರ್ವರ್‌ಗಳ ಪೂರ್ಣ ಪರಿಶೀಲನೆಗೆ ಅವಕಾಶ ಕೊಡಲಿಲ್ಲ. ಈ ಮೌನವನ್ನು ಪೀಠ ಆಯೋಗದ ವಿರುದ್ಧವೇ ಪರಿಗಣಿಸಿತು. ಕೆನ್ಯಾಟಾ ಅವರೇ ಅಕ್ರಮ ಎಸಗಿದರೆಂದು ಮಾತ್ರ ಅದು ಹೇಳಲಿಲ್ಲ.

ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ನೇತೃತ್ವದ ಪೀಠ 4-2ರ ಬಹುಮತದಿಂದ ಚುನಾವಣೆಯನ್ನು ರದ್ದುಗೊಳಿಸಿತು. ಆಫ್ರಿಕಾದಲ್ಲಿ ಇದು ಮೊದಲ ನಿದರ್ಶನ. ಅಕ್ಟೋಬರ್ 26ರ ಮರುಚುನಾವಣೆಯನ್ನು ಒಡಿಂಗಾ ಬಹಿಷ್ಕರಿಸಿದರು. ಕೆನ್ಯಾಟಾ ಶೇ 98ರಷ್ಟು ಮತ ಪಡೆದರು. ಅದೇ ತಿಂಗಳು ಸಂಸತ್ತು 'ಅಥವಾ'ವನ್ನು 'ಮತ್ತು' ಎಂದು ತಿದ್ದಿತು. ಆ ತಿದ್ದುಪಡಿಯನ್ನು 2018ರಲ್ಲಿ ಹೈಕೋರ್ಟ್ ತಳ್ಳಿಹಾಕಿತು.