ಮನೆ ಮಂಜೇಶ್ವರದಲ್ಲಿ, ಪುಸ್ತಕ ಉಡುಪಿಯಲ್ಲಿ

ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವವರು ನೀವಾದರೆ, ಈ ಸಲ ಮಂಗಳೂರಿನಲ್ಲೇ ನಿಲ್ಲಬೇಡಿ. ತಲಪಾಡಿ ಗಡಿ ದಾಟಿದರೆ ಮಂಜೇಶ್ವರ. ಗೋವಿಂದ ಪೈಗಳ (1883–1963) ಮನೆ ಅಲ್ಲಿದೆ. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಾಗ ಆ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1956ರಲ್ಲಿ ಗಡಿಯ ಗೀಟು ಬಿತ್ತು. ಮನೆ ಇದ್ದಲ್ಲೇ ಇತ್ತು, ರಾಜ್ಯ ಬದಲಾಯಿತು ನೋಡಿ!

ಮನೆಯನ್ನು ದುರಸ್ತಿ ಮಾಡಿ, ಅವರ ಮೊದಲ ಕವನ ಸಂಕಲನದ ಹೆಸರನ್ನೇ ಇಟ್ಟು, 2017ರಲ್ಲಿ 'ಗಿಳಿವಿಂಡು' ಸ್ಮಾರಕವಾಗಿ ತೆರೆದರು. ಕೊಂಕಣಿ ಮನೆಮಾತಿನ ಈ ಹಿಂದೂ ಕವಿ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ, ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿ ಬರೆದರು. ಇನ್ನೊಬ್ಬರ ಧರ್ಮವನ್ನು ಕೂತು ಓದದೆ ಹಾಗೆ ಬರೆಯೋಕಾಗಲ್ಲ. ಹಾಗಾಗಿ ಆ ಮನೆಯಲ್ಲಿ ಯಾರಾದರೂ ಮೊದಲು ಹುಡುಕುವುದು ಅವರ ಪುಸ್ತಕಗಳನ್ನು. ಅವರ ಗ್ರಂಥಸಂಗ್ರಹ ಹೋಗಿದ್ದು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ, ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿದೆ. ಮನೆ ಸ್ಮಾರಕವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಪುಸ್ತಕಗಳು ಸುರಕ್ಷಿತವಾಗಿದ್ದವು. ನನಗೆ ಮನೆಗಿಂತ ಇದೇ ದೊಡ್ಡ ಸಂಗತಿ.

ಮನೆ ಉಳಿಯುವುದು ಅದೃಷ್ಟದ ಮಾತು. ದೆಹಲಿಯ ಬಲ್ಲಿಮಾರಾನಿನಲ್ಲಿ ಇವತ್ತು ಗಾಲಿಬರ ಹವೇಲಿ ಅಂತ ತೋರಿಸುವುದು ಅವರ ಕೊನೆಯ ಬಾಡಿಗೆ ಮನೆ. ಅವರು ಸ್ವಂತ ಮನೆ ಮಾಡಲೇ ಇಲ್ಲ. 1869ರಲ್ಲಿ ಅವರು ತೀರಿಕೊಂಡ ಮೇಲೆ ಅದರಲ್ಲಿ ಕಲ್ಲಿದ್ದಲು ಕೂಡ ಇಟ್ಟಿದ್ದರಂತೆ. ಸ್ಮಾರಕವಾಗಿದ್ದು 2000ದಲ್ಲಿ, ಅದೂ ಒಂದು ಭಾಗ ಮಾತ್ರ.

ಇನ್ನು ಮುಂಬ್ರಾ, ಕಲ್ಯಾಣ, ಡೊಂಬಿವಲಿಯಲ್ಲಿ ಕೂತು ಕನ್ನಡ ಬರೆಯುವ ನಮ್ಮವರ ಮನೆ? ಬಾಡಿಗೆಯದು, ಇಲ್ಲವೇ ನಾಳೆ ರೀಡೆವಲಪ್‌ಮೆಂಟಿಗೆ ಬೀಳುವ ಬಿಲ್ಡಿಂಗು. ಆ ಗೋಡೆ ಉಳಿಸೋದು ನಮ್ಮ ಕೈಲಿಲ್ಲ. ಆದರೆ ಕಪಾಟು? ಅಬ್ಬಾ ತೀರಿ ನಲವತ್ತು ದಿನ ಕಳೆಯುವುದರೊಳಗೆ ಅದು ಖಾಲಿಯಾಗಿ, ಕಾಗದವೆಲ್ಲ ರದ್ದಿವಾಲಾನ ತಕ್ಕಡಿ ಸೇರುತ್ತದೆ. ಮಕ್ಕಳನ್ನೂ ಬೈಯುವಂತಿಲ್ಲ. ಅವರು ಓದಿದ್ದು ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ. ಕನ್ನಡ ಲಿಪಿಯೇ ಬಾರದಿದ್ದರೆ ಯಾವುದು ಹಸ್ತಪ್ರತಿ, ಯಾವುದು ಹಳೇ ಲೆಕ್ಕದ ಚೀಟಿ ಅಂತ ತಿಳಿಯೋದಾದರೂ ಹೇಗೆ? ಬರೆದವರು ಇರುವಾಗಲೇ ಪಕ್ಕದಲ್ಲಿ ಕೂತು, ಪ್ರತಿ ಕಟ್ಟಿನ ಮೇಲೆ ಹೆಸರು, ವರ್ಷ ಬರೆಸಿಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ಆದೀತು.

ಮರಳಿ ಬರುವಾಗ ಉಡುಪಿಯಲ್ಲಿ ಇಳಿಯಿರಿ. ಸ್ಟೇಷನ್ನಿಂದ ರಿಕ್ಷಾ ಹಿಡಿದು ಆ ಕಾಲೇಜಿಗೆ ಹೋಗಿ, ಒಬ್ಬ ಮನುಷ್ಯನ ಕಪಾಟನ್ನು ಹೇಗೆ ಪಟ್ಟಿ ಮಾಡಿ ಇಡುತ್ತಾರೆ ಅಂತ ಕೇಳಿಕೊಂಡು ಬನ್ನಿ.