ಹತ್ತನೆಯ ತರಗತಿಯ ನಂತರ: ಪದವಿಯ ಆಯ್ಕೆ ಮತ್ತು ಪಾಲಕರು

ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುತ್ತಿದ್ದಂತೆ ಕೇಳಿಬರುವ ಮೊದಲ ಪ್ರಶ್ನೆ ‘ಯಾವ ಕಾಲೇಜು?’ ಎಂಬುದು. ‘ಯಾವ ವಿಷಯ?’ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ವಾಸ್ತವವಾಗಿ ಅನೇಕ ಪದವಿಗಳ ಬಾಗಿಲು ತೆರೆಯುವುದೂ ಮುಚ್ಚುವುದೂ ಹನ್ನೊಂದನೆಯ ತರಗತಿಯ ವಿಷಯಗಳ ಆಯ್ಕೆಯಲ್ಲಿಯೇ.

ಗಣಿತವನ್ನೇ ನೋಡೋಣ. ಮಹಾರಾಷ್ಟ್ರದ ವಾಣಿಜ್ಯ ವಿಭಾಗದಲ್ಲಿ ಗಣಿತಕ್ಕೆ ಬದಲಾಗಿ ಸೆಕ್ರೆಟೇರಿಯಲ್ ಪ್ರ್ಯಾಕ್ಟೀಸ್, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ., ತೆಗೆದುಕೊಳ್ಳಲು ಅವಕಾಶವಿದೆ. ಅಂಕ ಸುಲಭವೆಂದು ಹಲವರು ಅದನ್ನೇ ಆರಿಸುತ್ತಾರೆ. ಅರ್ಥಶಾಸ್ತ್ರದಲ್ಲಿ ನಿಜವಾದ ಆಸಕ್ತಿಯುಳ್ಳ ಹುಡುಗಿಯೊಬ್ಬಳು ಹೀಗೆ ಮಾಡಿದರೆ, ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಪದವಿ ಅವಳ ಪಾಲಿಗೆ ಇಲ್ಲವಾಗುತ್ತದೆ. ಅಲ್ಲಿ ಗಣಿತ ಕಡ್ಡಾಯ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಸ್ಟ್ಯಾಟ್., ವಾಸ್ತುಶಿಲ್ಪದ ಬಿ.ಆರ್ಕ್. ಇವುಗಳಿಗೂ ಗಣಿತ ಬೇಕೇ ಬೇಕು. ಆದ್ದರಿಂದ ಮೊದಲು ಮಕ್ಕಳ ಒಲವಿನ ಉದ್ಯೋಗವನ್ನು ಗುರುತಿಸಿ, ಅದಕ್ಕೆ ಬೇಕಾದ ಪದವಿಯನ್ನೂ ಆ ಪದವಿಯ ಪ್ರವೇಶಾರ್ಹತೆಯನ್ನೂ ತಿಳಿದು, ಅನಂತರ ವಿಷಯಗಳನ್ನು ನಿರ್ಧರಿಸುವುದು ಉಚಿತ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಗಳೂ ಇವೆ. ಐದು ವರ್ಷಗಳ ಕಾನೂನು ಪದವಿಗೆ, ಸಿ.ಎ. ಫೌಂಡೇಶನ್ ಪರೀಕ್ಷೆಗೆ ಯಾವ ವಿಭಾಗದವರೂ ಅರ್ಹರು. ‘ಬ್ಯಾಂಕ್ ಕೆಲಸಕ್ಕೆ ಬಿ.ಕಾಂ. ಆಗಬೇಕು’ ಎಂಬ ನಂಬಿಕೆಯಂತೂ ನಮ್ಮವರಲ್ಲಿ ಬಲವಾಗಿದೆ. ಪ್ರೊಬೇಷನರಿ ಅಧಿಕಾರಿಗಳ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಕಲಾ ಪದವಿಯೊಂದಿಗೇ ಬ್ಯಾಂಕಿಗೆ ಸೇರಿದ ಈ ಲೇಖಕನಿಗೆ ಇದು ಸ್ವಾನುಭವದ ಮಾತು.

ಪದವಿಯ ಹೆಸರಿಗೆ ಮರುಳಾಗಬಾರದು. 2024ರಲ್ಲಿ ಮಹಾರಾಷ್ಟ್ರವು ಬಿ.ಎಂ.ಎಸ್., ಬಿ.ಬಿ.ಎ., ಬಿ.ಸಿ.ಎ. ಪದವಿಗಳಿಗೆ ಪ್ರವೇಶ ಪರೀಕ್ಷೆಯನ್ನು ತಂದಾಗ, ಕೆಲವು ಕಾಲೇಜುಗಳು ಅಂಥ ವ್ಯಾಸಂಗಕ್ಕೆ ಬಿ.ಕಾಂ. ಮ್ಯಾನೇಜ್‌ಮೆಂಟ್ ಸ್ಟಡೀಸ್ ಎಂಬ ಹೆಸರಿಟ್ಟವು. ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ಪಠ್ಯಕ್ರಮವನ್ನು ಮಕ್ಕಳೊಂದಿಗೆ ಕುಳಿತು ಓದಿದರೆ, ಯಾವ ಪುಟದಲ್ಲಿ ಅವರ ಮುಖ ಅರಳುತ್ತದೆ, ಯಾವ ಪುಟದಲ್ಲಿ ಆಕಳಿಕೆ ಬರುತ್ತದೆ ಎಂಬುದು ತಿಳಿಯುತ್ತದೆ. ದುಬಾರಿ ಅಭಿರುಚಿ ಪರೀಕ್ಷೆಗಳಿಗಿಂತ ಇದು ಹೆಚ್ಚು ನಂಬಲರ್ಹವೆಂದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ವೃತ್ತಿಶಿಕ್ಷಣ ಪಡೆಯಬಯಸುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳನ್ನು ಮುಂಚಿತವಾಗಿಯೇ ಓದಿಕೊಳ್ಳಬೇಕು. ಹೊರನಾಡು ಹಾಗೂ ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮನೆಯಲ್ಲಿ ಸೊಗಸಾಗಿ ಕನ್ನಡವಾಡುವ ಎಷ್ಟೋ ಮಕ್ಕಳಿಗೆ ಒತ್ತಕ್ಷರ ಬರೆಯಲು ಬಾರದು. ಹನ್ನೆರಡನೆಯ ತರಗತಿಯ ಗಡಿಬಿಡಿಯಲ್ಲಿ ಅದನ್ನು ಕಲಿಯುವುದು ಕಷ್ಟ.

ಇನ್ನು ಹಣದ ವಿಚಾರ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಮರುಪಾವತಿ ಆರಂಭವಾಗುವುದು ವ್ಯಾಸಂಗ ಮುಗಿದು ಒಂದು ವರ್ಷದ ನಂತರ. ಬಡ್ಡಿ ಮಾತ್ರ ಮೊದಲ ಕಂತು ಬಿಡುಗಡೆಯಾದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಪಾಲಕರು ಸಹಸಾಲಗಾರರಾಗಿ ಸಹಿ ಹಾಕುತ್ತಾರೆ, ಆದರೆ ಸಾಲ ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರುತ್ತದೆ.